ರೆಕ್ಕೆಗೊಂದು ಬೇಲಿ

ಆಲೂರಿನ ನನ್ನ ವರ್ಕ್‌ಶಾಪಿಗೆ ಬಂದವರ ಕಣ್ಣು ಮೊದಲು ಹೋಗುವುದು ಹಿಂದಿನ ಗೋಡೆಗೆ. ಅಲ್ಲಿ ಮೊಳೆಗೊಂದರಂತೆ ಗಾರ್ಡುಗಳು ನೇತಾಡುತ್ತಿವೆ. ಕಳೆ ಹೊಡೆಯುವ ವೀಡ್ ಕಟರಿನ ಕಪ್ಪು ಗಾರ್ಡುಗಳೇ ಮೂವತ್ತರ ಮೇಲಿವೆ. ಟೇಬಲ್ ಫ್ಯಾನಿನ ತಂತಿ ಬುಟ್ಟಿಗಳು ಐದಾರು. ಕಾಫಿ ಪಲ್ಪರಿನ ಪಟ್ಟಾ ಮುಚ್ಚುವ ತಗಡು ಎರಡು. ಎಲ್ಲಕ್ಕಿಂತ ಮೇಲೆ, ಹಲ್ಲಿ ಮೊಟ್ಟೆ ಇಡುವ ಜಾಗದಲ್ಲಿ, ಡ್ರೋನಿನ ಗಾರ್ಡುಗಳು: ತೆಳ್ಳಗೆ, ಹಗುರವಾಗಿ, ಮಕ್ಕಳ ಬಳೆಯ ಹಾಗೆ.

ಇವನ್ನು ನಾನು ಮಾರಲು ಇಟ್ಟಿಲ್ಲ. ರಿಪೇರಿಗೆ ಬಂದ ಮಷಿನ್ನುಗಳಿಂದ ಅವುಗಳ ಯಜಮಾನರೇ ಬಿಚ್ಚಿಸಿದ್ದು. "ಇದೊಂದು ಅಡ್ಡ ಕಣಣ್ಣ, ತೆಗೆದಾಕು" ಅನ್ನುತ್ತಾರೆ. ತೆಗೆಯುತ್ತೇನೆ. ಎಸೆಯಲು ಮನಸ್ಸಾಗದೆ ಮೊಳೆ ಹೊಡೆಯುತ್ತೇನೆ. ನಲವತ್ತು ವರ್ಷದಲ್ಲಿ ಗೋಡೆ ತುಂಬಿದೆ. ಈಚೆಗೆ ಹೋಂಸ್ಟೇ ನಡೆಸುವ ಹುಡುಗನೊಬ್ಬ ಹೊಸ ಡ್ರೋನ್ ತಂದಿಟ್ಟು, ಡಬ್ಬಿಯಲ್ಲಿದ್ದ ನಾಲ್ಕು ಬಳೆ ತೋರಿಸಿ, "ಇದನ್ನ ಹಾಕ್ಬೇಕಾ ಬ್ಯಾಡ್ವಾ ಅಣ್ಣ?" ಅಂದ. ಅವನಿಗೆ ಆಗ ಹೇಳಿದ್ದು ಒಂದೇ ಮಾತು, ಅದೂ ಅರ್ಧಂಬರ್ಧ. ಸರಿಯಾಗಿ ಹೇಳಬೇಕೆಂದರೆ ಗೋಡೆಯ ಕೆಳಗಿನ ಸಾಲಿನಿಂದ ಶುರು ಮಾಡಬೇಕು.

ಕೆಳಗಿನ ಸಾಲಿನ ಮೂಲೆಯಲ್ಲಿರುವುದು ಸೀಮೆಎಣ್ಣೆ ಡಬ್ಬ ಬಿಡಿಸಿ ಬಡಿದ ಒಂದು ತಗಡು. ನಮ್ಮಪ್ಪ ಮಾಡಿದ್ದು. ಅಪ್ಪನದು ಹಿಟ್ಟಿನ ಮಿಲ್ಲು. ಒಂದು ಡೀಸೆಲ್ ಇಂಜಿನ್ನು, ಅದರಿಂದ ಮೂರು ಮಾರು ಉದ್ದದ ಪಟ್ಟಾ, ಪಟ್ಟಾದ ಇನ್ನೊಂದು ತುದಿಗೆ ಬೀಸುಕಲ್ಲು. ಎಡಗಡೆ ರಾಗಿ, ಬಲಗಡೆ ಮೆಣಸಿನಕಾಯಿ. ಮೊದಲು ಆ ಪಟ್ಟಾಕ್ಕೆ ಮುಚ್ಚಳವೇ ಇರಲಿಲ್ಲ. ಇಂಜಿನ್ ನಿಲ್ಲಿಸದೆ ಪಟ್ಟಾಕ್ಕೆ ರಾಳ ಹಚ್ಚುವುದು, ಓಡುವ ಪಟ್ಟಾವನ್ನು ಕೋಲಿನಿಂದ ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ದಾಟಿಸುವುದು, ಇವೆಲ್ಲ ಗಂಡಸುತನದ ಲೆಕ್ಕದಲ್ಲಿ ಬರುತ್ತಿದ್ದವು. ಒಂದು ಸಂತೆಯ ದಿನ ರಾಗಿ ತಂದಿದ್ದ ಹೆಂಗಸೊಬ್ಬಳ ಸೆರಗು ಸಿಕ್ಕಿತು. ಅಪ್ಪ ಕೋಲಿನಿಂದ ಪಟ್ಟಾ ಬೀಳಿಸಿದ. ಹೆಂಗಸು ಉಳಿದಳು, ಸೀರೆ ಉಳಿಯಲಿಲ್ಲ. ಅಪ್ಪ ಅವಳಿಗೊಂದು ಸೀರೆ ಕೊಡಿಸಿ, ಅವತ್ತೇ ರಾತ್ರಿ ಲಾಟೀನು ಹಿಡಿಸಿಕೊಂಡು ಈ ತಗಡು ಬಡಿದ. ಲಾಟೀನು ಹಿಡಿದವನು ನಾನು.

ತಿರುಗುವ ಯಂತ್ರಕ್ಕೆ ಬೇಲಿ ಹಾಕಬೇಕೆಂದು ಹೇಳುವ ಕಾನೂನು ಅಷ್ಟರಲ್ಲಾಗಲೇ ಇತ್ತು. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳುತ್ತಿದ್ದದ್ದೇ ಅದನ್ನು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ಯಂತ್ರಶಕ್ತಿಯ ಜೊತೆಗೆ ಹತ್ತು ಜನ ಕೆಲಸಗಾರರಿರಬೇಕಿತ್ತು. ನಮ್ಮ ಮಿಲ್ಲಿನಲ್ಲಿದ್ದವರು ಅಪ್ಪ ಮತ್ತು ಒಬ್ಬ ಆಳು. ಹಾಗಾಗಿ ನಮಗೆ ಕಾನೂನು ಬಂದದ್ದು ಸೆರಗಿನ ರೂಪದಲ್ಲಿ. ಪಂಜಾಬು, ಹರಿಯಾಣದ ಕಡೆ ಗೋಧಿ ಒಕ್ಕುವ ಮಷಿನ್ನಿಗೆ ರೈತರು ಕೈ ಕೊಟ್ಟು ಕೊಟ್ಟು, ಕೊನೆಗೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಅಂತಲೇ ಒಂದನ್ನು ತಂದರು. ಪೈರು ಉಣಿಸುವ ಬಾಯಿ ಎಷ್ಟು ಉದ್ದವಿದ್ದರೆ ಕೈ ಒಳಗೆ ಎಟುಕುವುದಿಲ್ಲ ಎಂದು ಲೆಕ್ಕ ಹಾಕಿದ್ದು ಅಷ್ಟು ಕೈ ಹೋದ ಮೇಲೆ.

ನನ್ನ ಗೋಡೆಯ ಮಷಿನ್ನುಗಳೆಲ್ಲ ಇದೇ ದಾರಿಯಲ್ಲಿ ಬಂದವು. ಮೊದಲು ಬೆತ್ತಲೆ. ಯಾರದೋ ಬೆರಳು ಹೋದ ಮೇಲೆ ಬೇಲಿ. ಸ್ವಲ್ಪ ದಿನ ಕಳೆದ ಮೇಲೆ ಆ ಬೇಲಿಯೇ ಅಡ್ಡ ಎಂದು ಬಿಚ್ಚುವುದು. ಟೇಬಲ್ ಫ್ಯಾನನ್ನೇ ನೋಡಿ. ಹಳೆಯ ಫ್ಯಾನುಗಳ ಬುಟ್ಟಿಯಲ್ಲಿ ಮಗುವಿನ ಕೈ ಮಣಿಕಟ್ಟಿನ ತನಕ ಹೋಗುವಷ್ಟು ಸಂದಿ ಇರುತ್ತಿತ್ತು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ, ನೆಲದಿಂದ ಏಳು ಅಡಿಯೊಳಗಿರುವ ಫ್ಯಾನಿನ ಬುಟ್ಟಿಯ ಸಂದಿ ಅರ್ಧ ಇಂಚಿಗಿಂತ ಹೆಚ್ಚಿರಬಾರದು ಎಂದಿದೆ. ಅರ್ಧ ಇಂಚು ಅಂದರೆ ಬೆರಳಿನ ಅಳತೆ. ನಮ್ಮ ಕಡೆ ಸೆಖೆಗೆ ಫ್ಯಾನು ಬೇಕಾಗುವುದು ವರ್ಷದಲ್ಲಿ ಎರಡು ತಿಂಗಳು. ಉಳಿದ ಹತ್ತು ತಿಂಗಳು ಅದು ಮೆಣಸು ತೂರುವುದಕ್ಕೆ, ರಾಗಿಯ ಹೊಟ್ಟು ಹಾರಿಸುವುದಕ್ಕೆ. ಬುಟ್ಟಿ ತೆಗೆದರೆ ಗಾಳಿ ಜೋರು ಎಂದು ಯಾರೋ ಕಂಡುಹಿಡಿದರು. ಬುಟ್ಟಿಗಳು ನನ್ನ ಗೋಡೆಗೆ ಬಂದವು.

ವೀಡ್ ಕಟರಿನ ಮಾತೇ ಬೇರೆ. ಕಾಫಿ ತೋಟದಲ್ಲಿ ಕಳೆ ಕೀಳುವುದು ಕತ್ತಿಯ ಕೆಲಸ, ಹೆಣ್ಣಾಳುಗಳ ಸಾಲು ಕೆಲಸ. ಆಳು ಸಿಗುವುದು ಕಷ್ಟವಾದಂತೆ ಇಪ್ಪತ್ತು ವರ್ಷದಿಂದೀಚೆಗೆ ಈ ಮಷಿನ್ನು ತೋಟ ತೋಟಕ್ಕೂ ಬಂತು. ಹೆಗಲಿಗೆ ಬೆಲ್ಟು, ಉದ್ದನೆಯ ಕೊಳವೆ, ತುದಿಯಲ್ಲಿ ಬ್ಲೇಡು. ಬ್ಲೇಡಿನ ಮೇಲೆ, ಹೊಡೆಯುವವನ ಕಾಲಿನ ಕಡೆಗೆ, ಅರ್ಧ ಮೊರದ ಹಾಗೆ ಒಂದು ಗಾರ್ಡು. ಹೊಸ ಮಷಿನ್ನು ತಂದ ಮೊದಲ ವಾರ ಆ ಗಾರ್ಡು ಇರುತ್ತದೆ. ಎರಡನೇ ವಾರ ಮಳೆಯಲ್ಲಿ ನೆನೆದ ಹುಲ್ಲು ಗಾರ್ಡಿಗೂ ಬ್ಲೇಡಿಗೂ ನಡುವೆ ಸಿಕ್ಕಿ ಮುದ್ದೆಯಾಗುತ್ತದೆ. ಇಳಿಜಾರಿನಲ್ಲಿ ಅದರ ಅಂಚು ನೆಲಕ್ಕೆ ತಾಗುತ್ತದೆ. ಮೂರನೇ ವಾರ ಅದು ನನ್ನ ಗೋಡೆಯಲ್ಲಿ. ಕಾಲು ಮೀಟರ್ ಅಗಲದ ಬ್ಲೇಡು ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 375 ಕಿಲೋಮೀಟರ್ ದಾಟುತ್ತದೆ. ಕಾಗದದ ಮೇಲೆ ಗುಣಿಸಿ ತೋರಿಸಿದರೆ ಸಾಹುಕಾರರು ತಲೆಯಾಡಿಸುತ್ತಾರೆ, ಹೊಡೆಯುವ ಹುಡುಗ ನಗುತ್ತಾನೆ. ಅವನಿಗೆ ದಿನಕ್ಕೆ ಇಷ್ಟು ಎಕರೆ ಎಂದು ಕಂತ್ರಾಟು. ಗಾರ್ಡು ಇದ್ದರೆ ಸಂಜೆಗೆ ಅರ್ಧ ಎಕರೆ ಕಡಿಮೆ. ಗಾರ್ಡು ಬಿಚ್ಚುವವರನ್ನು ನಾನು ಮೂರ್ಖರೆಂದು ಬೈಯುವುದನ್ನು ಬಿಟ್ಟದ್ದು ಈ ಲೆಕ್ಕ ಅರ್ಥವಾದ ಮೇಲೆ. ಬೇಲಿಯ ಬೆಲೆ ತೆರುವವನು ಒಬ್ಬ, ಅದನ್ನು ಹಾಕು ಎನ್ನುವವನು ಇನ್ನೊಬ್ಬ.

ಡ್ರೋನಿನ ಚರಿತ್ರೆ ಮಾತ್ರ ತಲೆಕೆಳಗು. ಅದು ಬೇಲಿಯ ಸಮೇತವೇ ಹುಟ್ಟಿತು. 2010ರ ಜನವರಿಯಲ್ಲಿ ಫ್ರಾನ್ಸಿನ ಪ್ಯಾರಟ್ ಕಂಪನಿ ಲಾಸ್ ವೇಗಸ್‌ನ ಮೇಳದಲ್ಲಿ 'ಎಆರ್ ಡ್ರೋನ್' ಎಂಬ ಆಟಿಕೆ ತೋರಿಸಿತು. ಮೊಬೈಲ್ ಫೋನಿನಿಂದ ಹಾರಿಸುವಂಥದ್ದು. ಡಬ್ಬಿಯಲ್ಲಿ ಎರಡು ಮೈಗಳಿದ್ದವು. ಮನೆಯೊಳಗೆ ಹಾರಿಸುವಾಗ ಹಾಕುವುದಕ್ಕೆ ನಾಲ್ಕು ರೆಕ್ಕೆಯನ್ನೂ ಉಂಗುರದಂತೆ ಸುತ್ತುವ ಫೋಮಿನ ಮೈ, ಹೊರಗೆ ಹಾರಿಸುವುದಕ್ಕೆ ಉಂಗುರವಿಲ್ಲದ ಮೈ. ಒಳಗೆ ಬೇಲಿ, ಹೊರಗೆ ಬಯಲು. ಅದನ್ನು ಮಾಡಿದವರು ಈ ಪ್ರಶ್ನೆಗೆ ಕೊಟ್ಟ ಮೊದಲ ಉತ್ತರ ಅದು. ಇವತ್ತಿಗೂ ಮುಕ್ಕಾಲು ಪಾಲು ಸರಿಯಾದ ಉತ್ತರವೇ.

2013ರಲ್ಲಿ ಚೀನಾದ ಡಿಜೆಐ ಕಂಪನಿಯ ಫ್ಯಾಂಟಮ್ ಬಂದಾಗ ಮನೆಯೊಳಗಿನ ಆಟ ಮುಗಿದಿತ್ತು. ಬಿಳಿಯ ಮೈ, ಬೆತ್ತಲೆ ರೆಕ್ಕೆ, ಕ್ಯಾಮೆರಾ ಸಿಕ್ಕಿಸಲು ಜಾಗ. ಗಾರ್ಡು ಬೇಕಿದ್ದವರು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ನಮ್ಮ ಕಡೆಗೆ ಮೊದಲು ಬಂದದ್ದು ಇಂಥವೇ, ಬೆಂಗಳೂರಿನ ಹೋಂಸ್ಟೇ ಗಿರಾಕಿಗಳ ಬ್ಯಾಗಿನಲ್ಲಿ, ಆಮೇಲೆ ಮದುವೆ ವಿಡಿಯೋದವರ ಪೆಟ್ಟಿಗೆಯಲ್ಲಿ. 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ ಒಂದು ಪ್ರಕಟಣೆ ಹೊರಡಿಸಿ, ಅನುಮತಿಯಿಲ್ಲದೆ ಯಾರೂ ಡ್ರೋನ್ ಹಾರಿಸಬಾರದು ಎಂದಿತು. ಆ ವರ್ಷದ ಮದುವೆ ಸೀಸನ್ನಿನಲ್ಲಿ ಛತ್ರಗಳ ಮೇಲೆ ಹಾರಿದ ಡ್ರೋನುಗಳು ಪತ್ರಿಕೆ ಓದುತ್ತಿರಲಿಲ್ಲ ಅಂತ ಕಾಣುತ್ತದೆ. ತೋಟದ ಆಳುಗಳು ಅದರ ರೆಕ್ಕೆಗೆ 'ಫ್ಯಾನು' ಅಂದರು. ನನಗೆ ಪ್ರೊಪೆಲ್ಲರ್ ಎನ್ನುವುದಕ್ಕಿಂತ ಅದೇ ಸರಿ ಎನಿಸಿತು. ಫ್ಯಾನು ಅಂದ ಕೂಡಲೇ ಬೆರಳು ಹಿಂದೆ ಸರಿಯುತ್ತದೆ.

ಆ ಮಷಿನ್ನನ್ನು ಎಲ್ಲರೂ ಮೊದಲು ಒಯ್ಯುತ್ತಿದ್ದದ್ದು ಮಂಜರಾಬಾದಿಗೆ. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ದೋಣಿಗಾಲ್ ಹತ್ತಿರ ಗುಡ್ಡದ ನೆತ್ತಿಯಲ್ಲಿರುವ ಟಿಪ್ಪುವಿನ ಕೋಟೆ, 1792ರದ್ದು. ಫ್ರೆಂಚರ ಮಾದರಿಯಲ್ಲಿ ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿದ್ದು. ನಾವು ಹುಡುಗರಾಗಿದ್ದಾಗ ಅದರ ಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ನಡೆದಿದ್ದೇವೆ. ಮೇಷ್ಟ್ರು ನಕ್ಷತ್ರ ಅಂದಿದ್ದರು, ನಮಗೆ ಕಂಡದ್ದು ಒಂದಾದ ಮೇಲೊಂದು ಮೂಲೆ. ನಡುವಿನ ಕೊಳ, ಪಾಚಿ, ಮಂಜು. ಇನ್ನೂರು ವರ್ಷ ಆ ನಕ್ಷತ್ರವನ್ನು ಇಡಿಯಾಗಿ ಕಂಡದ್ದು ಹದ್ದುಗಳು, ವಿಮಾನದ ಕಿಟಕಿ ಸಿಕ್ಕ ಕೆಲವರು. ಡ್ರೋನ್ ಬಂದ ಮೇಲೆ ಊರಿನವರಿಗೇ ಊರಿನ ಕೋಟೆ ಹೊಸದಾಗಿ ಕಂಡಿತು. ಆ ಮೂಲೆಗಳೇನು ಚಂದಕ್ಕೆ ಮಾಡಿದ್ದಲ್ಲ. ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಗೋಡೆಯ ಬುಡವನ್ನು ಕಾಯಬಹುದು, ಶತ್ರುವಿಗೆ ಅವಿತುಕೊಳ್ಳಲು ಕುರುಡು ಜಾಗವೇ ಸಿಗದು. ಗಾರ್ಡು ಎಂದರೆ ಇದಪ್ಪ ಅಂತ ಮೊಬೈಲಿನಲ್ಲಿ ಆ ಚಿತ್ರ ನೋಡಿದಾಗ ನನಗನಿಸಿತು.

ಕೋಟೆಯ ಮೇಲೆ ನೂರಡಿ ಎತ್ತರದಲ್ಲಿ ಹಾರುವ ಡ್ರೋನಿಗೆ ಗಾರ್ಡು ಯಾತಕ್ಕೂ ಬೇಡ. ಅಲ್ಲಿ ತಾಗಲು ಮರವೂ ಇಲ್ಲ, ಕೈಯೂ ಇಲ್ಲ. ಗಾಳಿ ಇದೆ, ಆ ಗಾಳಿಗೆ ಗಾರ್ಡು ಹಾಯಿಯಂತೆ ಕೆಲಸ ಮಾಡಿ ಡ್ರೋನನ್ನು ಪಕ್ಕಕ್ಕೆ ತಳ್ಳುತ್ತದೆ. ಅಪಾಯವಿದ್ದದ್ದು ಅದು ಏಳುವಲ್ಲಿ, ಇಳಿಯುವಲ್ಲಿ. ರಜೆಯ ದಿನ ಮೆಟ್ಟಿಲ ತುಂಬ ಮಕ್ಕಳು. ಎಲ್ಲರೂ ಬಗ್ಗಿ ನೋಡುವವರೇ. ಪ್ರಾಚೀನ ಸ್ಮಾರಕದ ಮೇಲೆ ಅನುಮತಿ ಇಲ್ಲದೆ ಹಾರಿಸಬಾರದು ಎನ್ನುವುದು ಅದಕ್ಕಿಂತ ಮುಂಚಿನ ಮಾತು. ಅದನ್ನು ಕೇಳಿಕೊಂಡು ಹಾರಿಸಿದವರನ್ನು ನಾನು ಕಂಡದ್ದು ಕಡಿಮೆ.

ನಾನೂ ಒಂದು ಕೊಂಡೆ. 249 ಗ್ರಾಂ ತೂಕದ್ದು, ಅಂಗೈ ಅಗಲ. ಅದರ ಜೊತೆ ಬಂದ ಗಾರ್ಡನ್ನು ಡಬ್ಬಿಯಲ್ಲೇ ಬಿಟ್ಟೆ. ನಲವತ್ತು ವರ್ಷ ಗಾರ್ಡಿನ ಬಗ್ಗೆ ಉಪದೇಶ ಮಾಡಿದವನು ನಾನು. ಆದರೆ ಹೊಸ ಸಾಮಾನಿನ ಖುಷಿಯಲ್ಲಿ ಎಲ್ಲರೂ ಒಂದೇ.

ಈ ಗುಡ್ಡಗಾಡಿನ ಒಂದು ಕಷ್ಟ ಬಯಲುಸೀಮೆಯವರಿಗೆ ತಿಳಿಯುವುದಿಲ್ಲ. ಇಲ್ಲಿ ಡ್ರೋನ್ ಇಳಿಸಲು ಸಮತಟ್ಟು ಜಾಗವೇ ಇಲ್ಲ. ಎಲ್ಲಿ ನೋಡಿದರೂ ಇಳಿಜಾರು, ಕಾಫಿ ಗಿಡ, ಮೇಲೆ ಸಿಲ್ವರ್ ಮರ, ಮರಕ್ಕೆ ಮೆಣಸಿನ ಬಳ್ಳಿ. ತೋಟದಲ್ಲಿ ಸಮತಟ್ಟಾದದ್ದು ಅಂದರೆ ಒಂದೇ, ಕಣ. ಅರೇಬಿಕಾ ಕೊಯ್ಲು ಶುರುವಾದ ಮೇಲೆ ರೋಬಸ್ಟಾ ಮುಗಿಯುವ ತನಕ, ಅಂದರೆ ನವೆಂಬರಿನಿಂದ ಮಾರ್ಚಿನ ವರೆಗೆ, ಕಣದ ತುಂಬ ಕಾಫಿ ಹರಡಿರುತ್ತದೆ. ಡ್ರೋನ್ ಹಾರಿಸಲು ಆಕಾಶ ಚೊಕ್ಕಟವಾಗಿರುವ ತಿಂಗಳುಗಳೂ ಅವೇ. ಒಣಗುವ ಪಾರ್ಚ್‌ಮೆಂಟ್ ಮೇಲೆ ಡ್ರೋನ್ ಇಳಿಸಿದರೆ ಅದರ ಗಾಳಿಗೆ ಹೊಟ್ಟು, ಧೂಳು ಎಲ್ಲ ಎದ್ದು ತೋಟದ ರೈಟರ್ ಬೈಯುತ್ತಾನೆ. ಹಾಗಾಗಿ ನಮ್ಮವರು ಕಂಡುಕೊಂಡ ಉಪಾಯ ಕೈಯಲ್ಲಿ ಹಿಡಿಯುವುದು. ಡ್ರೋನನ್ನು ತಲೆಯ ಮಟ್ಟಕ್ಕೆ ತಂದು, ಹೊಟ್ಟೆಯ ಕೆಳಗೆ ಕೈ ಚಾಚಿ, ಹಿಡಿದು, ಮೋಟಾರು ಆರಿಸುವುದು. ಹತ್ತು ಸಲ ಹಿಡಿದರೆ ಒಂಬತ್ತು ಸಲ ಸರಿಯಾಗುತ್ತದೆ.

ನನ್ನ ಹತ್ತನೆಯ ಸಲ ಜನವರಿಯ ಒಂದು ಮಧ್ಯಾಹ್ನ ಬಂತು, ಹೆತ್ತೂರಿನ ಕಡೆಯ ಒಂದು ತೋಟದಲ್ಲಿ. ಪಡುವಣ ಗಾಳಿ ಒಮ್ಮೆಲೇ ಎದ್ದಿತು. ಡ್ರೋನ್ ಗಾಳಿಗೆ ಎದುರಾಗಿ ವಾಲಿತು, ವಾಲಿದ ಕಡೆ ನನ್ನ ಎಡಗೈ ಇತ್ತು. ನೋವಾಗುವ ಮೊದಲು ಸದ್ದು ಕೇಳಿತು, ಸೈಕಲ್ ಚಕ್ರದ ಕಡ್ಡಿಗೆ ರಟ್ಟು ತಾಗಿಸಿದ ಹಾಗೆ. ಉಂಗುರದ ಬೆರಳಿಗೆ ಮೂರು ಹೊಲಿಗೆ. ಹನ್ನೆರಡು ಸೆಂಟಿಮೀಟರಿನ ಪ್ಲಾಸ್ಟಿಕ್ ಫ್ಯಾನು ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ 225 ಕಿಲೋಮೀಟರ್. ನಮ್ಮ ಮನೆಯ ಟೇಬಲ್ ಫ್ಯಾನಿನ ತುದಿಯ ವೇಗ ಇದರ ಅರ್ಧವೂ ಇಲ್ಲ. ಆಸ್ಪತ್ರೆಯಿಂದ ವಾಪಸು ಬರುವಾಗ ಈ ಲೆಕ್ಕ ಹಾಕಿದೆ, ಮುಂಚೆಯೇ ಹಾಕಬಹುದಾಗಿತ್ತು. "ಗ್ವಾಡೆ ತುಂಬ ಗಾರ್ಡು ಇಟ್ಕಂಡು ಇದೇನ್ ಮಾರಾಯ" ಅಂದ ತೋಟದ ಸಾಹುಕಾರರಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ದೊಡ್ಡವರೂ ತಪ್ಪುತ್ತಾರೆ ಅನ್ನುವುದೊಂದು ಸಮಾಧಾನ. 2015ರ ಮೇ ತಿಂಗಳಲ್ಲಿ ಹಾಡುಗಾರ ಎನ್ರಿಕೆ ಇಗ್ಲೇಸಿಯಸ್ ಮೆಕ್ಸಿಕೋದ ತಿಹುವಾನಾದಲ್ಲಿ ಸಾವಿರಾರು ಜನರೆದುರು, ಹಾರುವ ಡ್ರೋನನ್ನು ವೇದಿಕೆಯ ಮೇಲೆ ಕೈಯಲ್ಲಿ ಹಿಡಿಯಹೋಗಿ ಬೆರಳು ಕೊಯ್ದುಕೊಂಡ. ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದದ್ದು ಮಾತ್ರ ಸಮಾಧಾನದ ಮಾತಲ್ಲ. ಪಕ್ಕದ ಮನೆಯವರು ಹಾರಿಸುತ್ತಿದ್ದ ಡ್ರೋನು ಮರಕ್ಕೆ ತಾಗಿ, ತಿರುಗಿ, ಒಂದೂವರೆ ವರ್ಷದ ಮಗುವಿನ ಕಣ್ಣು ತೆಗೆಯಿತು. ಹಾರಿಸಿದವರು ಆ ಮನೆಯವರ ಸ್ನೇಹಿತರೇ. ಮರಕ್ಕೆ ತಾಗುವುದು ಎನ್ನುವಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ನಮ್ಮಲ್ಲಿ ಮರವಿಲ್ಲದ ಜಾಗ ಯಾವುದು?

ಹೊಲಿಗೆ ಬಿಚ್ಚಿಸಿದ ಮೇಲೆ ಗಾರ್ಡು ಹಾಕಿಯೇ ಹಾರಿಸಿದೆ. ಅದರ ಪಾಠ ಬೇರೆ. ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಒಂದು ವಾರಕ್ಕೆ ತೋಟವೆಲ್ಲ ಬೆಳ್ಳಗಾಯಿತು. ಆ ಬಿಳುಪು ಎರಡು ಮೂರು ದಿನದ್ದು, ಮೇಲಿನಿಂದ ನೋಡಬೇಕಾದ್ದು. ಸಿಲ್ವರ್ ಮರಗಳ ನಡುವೆ ನಿಧಾನ ಹಾರಿಸುತ್ತಿದ್ದೆ. ಬಳ್ಳಿಯ ಒಂದು ಕುಡಿ ಗಾರ್ಡಿನ ಉಂಗುರದೊಳಗೆ ಹೋಯಿತು. ಗಾರ್ಡು ಇಲ್ಲದಿದ್ದರೆ ಫ್ಯಾನು ಮುರಿದು ಡ್ರೋನು ಬೀಳುತ್ತಿತ್ತು. ಬಿದ್ದರೆ ಸಿಗುತ್ತಿತ್ತು. ಗಾರ್ಡು ಇದ್ದದ್ದರಿಂದ ಅದು ನಲವತ್ತಡಿ ಎತ್ತರದಲ್ಲಿ ಬಾವಲಿಯಂತೆ ನೇತಾಡಿತು. ಮರಗಸಿ ಮಾಡುವ ಹುಡುಗನೊಬ್ಬ ಹಗ್ಗ ಕಟ್ಟಿಕೊಂಡು ಹತ್ತಿ ಇಳಿಸಿದ. ಅವನಿಗೆ ಕೊಟ್ಟ ಕೂಲಿಗೆ ಎರಡು ಜೊತೆ ಫ್ಯಾನು ಬರುತ್ತಿದ್ದವು. ಇಳಿದವನೇ ಗಾರ್ಡು ನೋಡಿ, "ಬೇಲಿಗೂ ಬಳ್ಳಿಗೂ ನೆಂಟಸ್ತಿಕೆ ಅಲ್ವಾ ಅಣ್ಣ" ಅಂದ. ಗಾರ್ಡು ಗೋಡೆಗೆ ತಾಗಿದರೆ ಪುಟಿದು ಬರುತ್ತದೆ. ರೆಂಬೆ, ಬಳ್ಳಿ, ತಂತಿ ಇರುವಲ್ಲಿ ಅದೊಂದು ಕೊಕ್ಕೆ.

ಗಾರ್ಡು ಹಾಕಿದಾಗ ಬ್ಯಾಟರಿ ಬೇಗ ಇಳಿಯುವುದನ್ನೂ ಕಂಡೆ. ಕಾರಣ ಸರಳ. ಭಾರ ಹೆಚ್ಚಾದಷ್ಟೂ ಮೋಟಾರು ಜೋರಾಗಿ ತಿರುಗಬೇಕು. ಉಂಗುರ ಹಾಕಿದರೆ ಫ್ಯಾನಿನ ಬಲ ಹೆಚ್ಚುತ್ತದೆ ಅನ್ನುವವರೂ ಇದ್ದಾರೆ. ಹಡಗಿನ ಪ್ರೊಪೆಲ್ಲರಿಗೆ ಉಕ್ಕಿನ ಉಂಗುರ ತೊಡಿಸಿ, ಅದೇ ಇಂಜಿನ್ನಿನಿಂದ ಹೆಚ್ಚು ಭಾರ ಎಳೆಸಿದ ಲುಡ್ವಿಗ್ ಕೋರ್ಟ್ ಎಂಬ ಜರ್ಮನ್ ಇಂಜಿನಿಯರನ ಹೆಸರು 1930ರ ದಶಕದಿಂದ ಇದೆ. ಆದರೆ ಅಲ್ಲಿ ರೆಕ್ಕೆಯ ತುದಿಗೂ ಉಂಗುರಕ್ಕೂ ನಡುವೆ ಸಂದಿ ಇಲ್ಲವೇ ಇಲ್ಲ ಎನ್ನಬಹುದು, ಉಂಗುರದ ಆಕಾರವೂ ಲೆಕ್ಕದ್ದು. ನಮ್ಮ ಡಬ್ಬಿಯ ಬಳೆಗಳಲ್ಲಿ ಬೆರಳಗಲದ ಸಂದಿ ಇರುತ್ತದೆ. ಅವು ಬಲ ಕೊಡುವುದಿಲ್ಲ, ಭಾರ ಕೊಡುತ್ತವೆ.

ಭಾರವೇ ಕಾನೂನಿನ ಮಾತೂ ಆಯಿತು. 2018ರ ಡಿಸೆಂಬರಿನಿಂದ ಜಾರಿಗೆ ಬಂದ ನಿಯಮದಲ್ಲಿ 250 ಗ್ರಾಂ ವರೆಗಿನವನ್ನು 'ನ್ಯಾನೋ' ಎಂದು ಕರೆದು, ಐವತ್ತು ಅಡಿಯೊಳಗೆ ಹಾರಿದರೆ ನೋಂದಣಿ ಸಂಖ್ಯೆ ಬೇಡ ಎಂದರು. ಐವತ್ತು ಅಡಿ! ನಮ್ಮ ಸಿಲ್ವರ್ ಮರಗಳು ಅದಕ್ಕಿಂತ ಎತ್ತರ. ಆ ನಿಯಮ ಬರೆದವರು ಕಾಫಿ ತೋಟ ನೋಡಿರಲಿಲ್ಲ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಎಷ್ಟೋ ಸಡಿಲ. ಹಸಿರು ವಲಯದಲ್ಲಿ 400 ಅಡಿಯ ತನಕ ಹಾರಿಸಬಹುದು. ನ್ಯಾನೋ ಹಾರಿಸಲು ಪೈಲಟ್ ಲೈಸೆನ್ಸು ಬೇಡ, ದುಡಿಮೆಗಲ್ಲದೆ ಹವ್ಯಾಸಕ್ಕಾದರೆ ಎರಡು ಕಿಲೋ ತನಕದ 'ಮೈಕ್ರೋ'ಗೂ ಬೇಡ. ಆದರೆ ನ್ಯಾನೋದ ಗೆರೆ 250ರಲ್ಲೇ ಉಳಿಯಿತು. 2019ರಲ್ಲಿ ಬಂದ ಡಿಜೆಐ ಮ್ಯಾವಿಕ್ ಮಿನಿ 249 ಗ್ರಾಂ ಇದ್ದದ್ದು ಆಕಸ್ಮಿಕವಲ್ಲ. ಲೋಕದ ಎಷ್ಟೋ ದೇಶಗಳ ಗೆರೆ ಅಲ್ಲೇ ಇತ್ತು. ಅಂಥ ಡ್ರೋನಿಗೆ ಗಾರ್ಡು ಹಾಕಿದ ಕೂಡಲೇ ಗೆರೆ ದಾಟುತ್ತದೆ. ನನ್ನದನ್ನು ಏಲಕ್ಕಿ ವ್ಯಾಪಾರಿಯೊಬ್ಬರ ತಕ್ಕಡಿಯಲ್ಲಿಟ್ಟು ತೂಗಿಸಿದೆ. ಗಾರ್ಡಿನ ಸಮೇತ ಮುನ್ನೂರರ ಹತ್ತಿರ ಹೋಯಿತು.

ಅಮೆರಿಕದವರ ನಿಯಮ ಇನ್ನೂ ಸ್ವಾರಸ್ಯ. 2021ರಿಂದ ಅಲ್ಲಿ ಜನರ ಮೇಲೆ ಹಾರಿಸಬಹುದಾದ ಮೊದಲ ವರ್ಗದ ಡ್ರೋನಿಗೆ ಎರಡು ಷರತ್ತು. ಮೈಮೇಲೆ ಹೊತ್ತದ್ದೆಲ್ಲ ಸೇರಿ 0.55 ಪೌಂಡ್, ಅಂದರೆ ಸುಮಾರು 250 ಗ್ರಾಂ ಮೀರಬಾರದು. ಚರ್ಮ ಸೀಳುವಂಥ ತಿರುಗುವ ಭಾಗ ತೆರೆದಿರಬಾರದು. 249 ಗ್ರಾಮಿನದಕ್ಕೆ ಗಾರ್ಡು ಹಾಕದಿದ್ದರೆ ಎರಡನೇ ಷರತ್ತು ತಪ್ಪಿತು, ಹಾಕಿದರೆ ಮೊದಲನೆಯದು. ಸೊಸೆ ಕೂತರೂ ತಪ್ಪು ನಿಂತರೂ ತಪ್ಪು ಎನ್ನುವಂಥ ಅತ್ತೆ ಆ ದೇಶದಲ್ಲೂ ಇದ್ದಾಳೆ.

ಒಮ್ಮೆ ಭಾರ ಇಳಿಸುವ ಹಟಕ್ಕೆ ಬಿದ್ದು, ಬುಟ್ಟಿ ಹೆಣೆಯುವ ಮೇದರವರ ಹತ್ತಿರ ಬಿದಿರ ಸೀಳು ತಂದು ನಾಲ್ಕು ಬಳೆ ಮಾಡಿಸಿದೆ. ಪ್ಲಾಸ್ಟಿಕ್ಕಿಗಿಂತ ಹಗುರವಾಗಿತ್ತು, ನೋಡಲೂ ಚೆನ್ನಾಗಿತ್ತು. ಆಷಾಢದ ತೇವಕ್ಕೆ ಬಾಗಿ ಮೊಟ್ಟೆಯಾಕಾರಕ್ಕೆ ತಿರುಗಿತು, ಒಂದು ಫ್ಯಾನಿಗೆ ತಾಗಿತು. ಅದೂ ಈಗ ಗೋಡೆಯಲ್ಲಿದೆ.

ಆನೆಯ ಮಾತು ಬಿಟ್ಟು ಈ ಸೀಮೆಯ ಯಾವ ಚರಿತ್ರೆಯೂ ಪೂರ್ತಿಯಾಗುವುದಿಲ್ಲ. ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಆನೆಗಳ ಹಿಂಡು ಎಲ್ಲಿದೆ ಎಂದು ತಿಳಿಯಲು ಅರಣ್ಯ ಇಲಾಖೆಯವರು ಶಾಖ ಕಾಣುವ ಕ್ಯಾಮೆರಾದ ಡ್ರೋನ್ ಹಾರಿಸುತ್ತಾರೆ. ಅವು ದೊಡ್ಡವು, ಗಾರ್ಡು ಇಲ್ಲದವು, ಮರದ ತಲೆಯ ಮೇಲೆ ಎತ್ತರದಲ್ಲಿ ಹಾರುವವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವಾಗ, ಎಂಟು ಸಲ ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಸಲಗದ ತಿವಿತಕ್ಕೆ ಸತ್ತ ಮೇಲೆ, ಇಲ್ಲಿ ಆನೆ ಅಂದರೆ ಯಾರಿಗೂ ಆಟವಾಗಿ ಉಳಿದಿಲ್ಲ. ಆದರೂ ಹವ್ಯಾಸದ ಡ್ರೋನ್ ಇಟ್ಟುಕೊಂಡವರು ಹಿಂಡಿನ ಮೇಲೆ ಹಾರಿಸಿ ವಿಡಿಯೋ ಮಾಡುತ್ತಾರೆ. ಫ್ಯಾನಿನ ಸದ್ದು ಆನೆಗೆ ಸೇರುವುದಿಲ್ಲ. ತಾಂಜಾನಿಯದಲ್ಲಿ ಹೊಲದಿಂದ ಆನೆ ಓಡಿಸುವುದಕ್ಕೇ ಡ್ರೋನ್ ಬಳಸಿದ್ದಾರೆ. ಅಲ್ಲಿ ಓಡುವುದು ಬಯಲಿಗೆ. ಇಲ್ಲಿ ಓಡಿದರೆ ಪಕ್ಕದ ತೋಟದಲ್ಲಿ ಕಾಫಿ ಕುಯ್ಯುವವರ ನಡುವೆ. ಇದಕ್ಕೆ ಯಾವ ಗಾರ್ಡೂ ಇಲ್ಲ. ನನ್ನ ಅಂಗಡಿಯಲ್ಲಿ ಅಂಥ ವಿಡಿಯೋ ತೋರಿಸಿದವರ ಮಷಿನ್ನು ನಾನು ಮುಟ್ಟುವುದಿಲ್ಲ.

ಈ ನಡುವೆ ಬೇಲಿ ಮತ್ತೆ ಡ್ರೋನಿನ ಮೈ ಸೇರಿದೆ. 2015ರ ಕೊನೆಗೆ ಬಂದ ಇಂಡಕ್ಟ್ರಿಕ್ಸ್ ಎಂಬ ಅಂಗೈಯಷ್ಟು ಆಟಿಕೆಯಲ್ಲಿ ರೆಕ್ಕೆಗಳು ಕೊಳವೆಯೊಳಗೆ ತಿರುಗುತ್ತಿದ್ದವು. ಮನೆಯೊಳಗೆ ರೇಸು ಬಿಡುವ ಹುಡುಗರು ಅದನ್ನೇ ಬದಲಾಯಿಸಿ ಬದಲಾಯಿಸಿ 'ಟೈನಿ ವೂಪ್' ಎಂಬ ಜಾತಿಯನ್ನೇ ಹುಟ್ಟಿಸಿದರು. 2022ರ ಡಿಜೆಐ ಅವಾಟಾದಲ್ಲಿ ಗಾರ್ಡು ಬೇರೆಯಲ್ಲ, ಮೈಯೇ ಗಾರ್ಡು. 2024ರ ಡಿಜೆಐ ನಿಯೋ 135 ಗ್ರಾಂ, ಅಂಗೈಯಿಂದ ಏಳುತ್ತದೆ, ಅಂಗೈಗೆ ಇಳಿಯುತ್ತದೆ. ಬಿಚ್ಚಲು ಸ್ಕ್ರೂ ಕೊಟ್ಟರೆ ಬಿಚ್ಚುತ್ತಾರೆ ಎನ್ನುವುದನ್ನು ಕಂಪನಿಯವರೂ ಕಲಿತಿದ್ದಾರೆ. ಅಂಥವು ನಮ್ಮಲ್ಲಿ ಕೈಗೆ ಸಿಗುವುದು ಸುಲಭವಲ್ಲ. 2022ರ ಫೆಬ್ರುವರಿ 9ರಿಂದ ವಿದೇಶದ ಡ್ರೋನಿನ ಆಮದು ನಿಷೇಧವಾಗಿದೆ. ಹಾಗಾಗಿ ಈ ಗುಡ್ಡಗಳಲ್ಲಿ ಹಳೆಯ ಬೆತ್ತಲೆ ರೆಕ್ಕೆಯವೇ ಕೈಯಿಂದ ಕೈಗೆ ದಾಟುತ್ತ, ಮುರಿದಾಗ ನನ್ನಲ್ಲಿಗೆ ಬರುತ್ತಿವೆ.

ಹೋಂಸ್ಟೇ ಹುಡುಗನಿಗೆ ಹೇಳಬೇಕಾಗಿದ್ದದ್ದು ಇಷ್ಟು. ಕಲಿಯುವ ತಿಂಗಳು ಹಾಕು. ಅಂಗಳದಲ್ಲಿ, ಛತ್ರದಲ್ಲಿ, ಗಿರಾಕಿಗಳ ಮಕ್ಕಳು ಸುತ್ತ ಇರುವಲ್ಲಿ ಹಾಕು, ಅಲ್ಲಿ ಬ್ಯಾಟರಿಯ ಲೆಕ್ಕ ನೋಡಬೇಡ. ಬಳ್ಳಿಯ ನಡುವೆ ಹಾಕಬೇಡ, ಅಲ್ಲಿ ಹಾರಿಸಲೂ ಬೇಡ. ಗುಡ್ಡದ ತುದಿಯಲ್ಲಿ ಗಾಳಿಯಿದ್ದರೆ ಬಿಚ್ಚು, ಆದರೆ ಕೈಯಲ್ಲಿ ಹಿಡಿಯಬೇಡ. ಇಳಿಸಲು ಜಾಗವಿಲ್ಲ ಅನ್ನಬೇಡ, ಜೀಪಿನ ಬಾನೆಟ್ಟಿದೆ. ಬಾನೆಟ್ಟಿನ ಮೇಲೊಂದು ಗೋಣಿಚೀಲ ಹಾಸು. ನಾನು ಈಗ ಮಾಡುವುದು ಅದನ್ನೇ.

ಕಳೆದ ಆಯುಧಪೂಜೆಗೆ ಅವನು ಡ್ರೋನ್ ತಂದು ನನ್ನ ಮಷಿನ್ನುಗಳ ಸಾಲಿನಲ್ಲಿಟ್ಟ. ಜೀಪಿನ ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಹಾಗೆ ಅದರ ನಾಲ್ಕು ತೋಳಿನ ಕೆಳಗೂ ನಿಂಬೆಹಣ್ಣು ಇಟ್ಟು, ಗಾರ್ಡಿಗೆ ಕುಂಕುಮ ಹಚ್ಚಿದ. ಹೌದು, ಗಾರ್ಡು ಹಾಕಿಕೊಂಡೇ ಬಂದಿದ್ದ. ಮಾರನೆಯ ವಾರ ಬಿಚ್ಚಿಸಿದ. ಹಲ್ಲಿಯ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ.

ಆಲೂರು ಬಸ್ ಸ್ಟ್ಯಾಂಡಿನಿಂದ ನನ್ನ ವರ್ಕ್‌ಶಾಪಿಗೆ ನಡೆದು ಬಂದರೆ ಹತ್ತು ನಿಮಿಷ. ವೀಡ್ ಕಟರಿನದೋ, ಫ್ಯಾನಿನದೋ, ಡ್ರೋನಿನದೋ ಗಾರ್ಡು ಬಿಚ್ಚಿಸಿಕೊಂಡು ಹೋದವರು ಮನಸ್ಸು ಬದಲಾದರೆ ಬನ್ನಿ. ನಿಮ್ಮದು ಗೋಡೆಯಲ್ಲೇ ಇದೆ. ಸ್ಕ್ರೂ ನಾನೇ ಹಾಕುತ್ತೇನೆ, ದುಡ್ಡು ಬೇಡ.